ಜಾರುಬಂಡೆಯ ಅರಿಶಿನ

ತುಮಕೂರು ರಸ್ತೆಯ ಪಕ್ಕದ ನಾಗಸಂದ್ರದಲ್ಲಿ ಈ ಕಥೆಯನ್ನು ಹೇಳುವ ಹೆಂಗಸರು ಮೊದಲು ಬಂಡೆಯ ಮಾತೆತ್ತುತ್ತಾರೆ, ಆಮೇಲೆ ಹುಡುಗಿಯದು, ಕಡೆಗೆ ಹುಡುಗನದು. ಅವನು ಊರಿನವನಲ್ಲ, ಆದ್ದರಿಂದ ಅವನ ಸರದಿ ಕಡೆಗೆ. ಆದರೆ ಕಥೆಯ ಭಾರವನ್ನು ಹೆಚ್ಚಾಗಿ ಹೊತ್ತವನು ಅವನೇ ಆಗಿರುವುದರಿಂದ, ಇಲ್ಲಿ ಅವನಿಂದಲೇ ಆರಂಭಿಸುವುದು ನ್ಯಾಯವಾದೀತು.

ಪಟ್ಟಾಭಿರಾಮ ಪೀಣ್ಯದ ಒಂದು ಸರ್ಕಾರಿ ಕಾರ್ಖಾನೆಯ ಸಿವಿಲ್ ವಿಭಾಗದಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದ. ಕ್ವಾರ್ಟರ್ಸಿನಲ್ಲಿ ತಾಯಿ ಅನುಸೂಯಮ್ಮ ಮತ್ತು ಅವನು, ಇಬ್ಬರೇ. 1979ನ್ನು ಮಕ್ಕಳ ವರ್ಷವೆಂದು ಜಗತ್ತೆಲ್ಲ ಆಚರಿಸುತ್ತಿದ್ದಾಗ, ಕಾರ್ಖಾನೆಯವರೂ ಕಾಲೋನಿಗೂ ಹಳ್ಳಿಗೂ ನಡುವೆ ಬಿದ್ದಿದ್ದ ಬಯಲಿನಲ್ಲಿ ಮಕ್ಕಳಿಗೊಂದು ಪಾರ್ಕು ಕಟ್ಟಿಸಲು ನಿಶ್ಚಯಿಸಿದರು. ನವೆಂಬರಿನ ಮಕ್ಕಳ ದಿನಾಚರಣೆಗೆ ಅದು ಸಿದ್ಧವಾಗಬೇಕಿತ್ತು. ನಕ್ಷೆ ಬರೆಯುವ, ಮುಂದೆ ನಿಂತು ಕಟ್ಟಿಸುವ ಹೊಣೆ ಪಟ್ಟಾಭಿರಾಮನ ಮೇಲೆ ಬಿತ್ತು.

ಏಪ್ರಿಲಿನ ಒಂದು ಮಧ್ಯಾಹ್ನ ಅವನು ಬಯಲಿನ ನಡುವಿದ್ದ ದೊಡ್ಡ ಬಂಡೆಯ ಮೇಲೆ ಸುಣ್ಣದಲ್ಲಿ ಗುರುತು ಹಾಕುತ್ತಿದ್ದ. ಕೆಳಗಿನಿಂದ ಒಂದು ದನಿ ಬಂತು.

"ಏನ್ ಸಾರ್, ಬಂಡೆಗೆ ಸುಣ್ಣ ಬಳಿಯೋಕೆ ಬಂದ್ರಾ?"

ತಿರುಗಿ ನೋಡಿದ. ಒಬ್ಬರ ಅಂಗಿಯ ಚುಂಗನ್ನೊಬ್ಬರು ಹಿಡಿದು ಸಾಲಾಗಿ ನಿಂತ ಪುಟ್ಟ ಮಕ್ಕಳು. ಸಾಲಿನ ತುದಿಯಲ್ಲಿ, ಸೊಂಟಕ್ಕೆ ಕೈಕೊಟ್ಟು ನಿಂತ ಒಬ್ಬ ಹುಡುಗಿ. ಕಾಲೋನಿಯ ಶಿಶುವಿಹಾರದ ಟೀಚರಾದ ಆಕೆಯನ್ನು ದೂರದಿಂದ ಕಂಡಿದ್ದ. ಹೆಸರು ವೆಂಕಟಲಕ್ಷ್ಮಿ, ಹಳ್ಳಿಯ ಪಾಪಯ್ಯನ ಮಗಳು ಎಂಬುದು ಆಮೇಲೆ ತಿಳಿಯಿತು.

"ಬಳಿಯೋಕಲ್ಲ, ಒಡೆಯೋಕೆ," ಎಂದ. "ಇಲ್ಲಿ ಮಕ್ಕಳಿಗೆ ಕಬ್ಬಿಣದ ಜಾರುಬಂಡೆ ಬರುತ್ತೆ."

ಆಕೆ ಅವನನ್ನು ನೋಡಿದಳು, ಬಂಡೆಯನ್ನು ನೋಡಿದಳು, ಮತ್ತೆ ಅವನನ್ನೇ ನೋಡಿದಳು. ಹುಬ್ಬು ಮಾತ್ರ ಮೇಲೇರಿತ್ತು. ತುಟಿ ನಗಲು ಇನ್ನೂ ತೀರ್ಮಾನಿಸಿರಲಿಲ್ಲ.

"ಜಾರುಬಂಡೆ ಒಡೆದು ಜಾರುಬಂಡೆ ಇಡ್ತೀರಾ?"

ಮಕ್ಕಳು ನಕ್ಕರು. ಆಗಲೇ ಅವನು ಕಾಲ ಕೆಳಗಿನ ಕಲ್ಲನ್ನು ಕಣ್ಣುಬಿಟ್ಟು ನೋಡಿದ್ದು. ಬಂಡೆಯ ಬೆನ್ನಿನ ಮೇಲೆ, ನೆತ್ತಿಯಿಂದ ಬುಡದವರೆಗೆ ಒಂದು ನುಣುಪಾದ ಜಾಡು ಇಳಿದಿತ್ತು. ಎಷ್ಟು ತಲೆಮಾರಿನ ಮಕ್ಕಳು ಜಾರಿ ಜಾರಿ ಸವೆಸಿದ್ದರೋ, ಒರಳುಕಲ್ಲಿನ ಒಳಮೈಯಂತೆ ಹೊಳೆಯುತ್ತಿತ್ತು. ಮೇಲೆ ಹೊಂಗೆಮರದ ನೆರಳು. ಅಂಗೈಯಿಟ್ಟರೆ ತಂಪು.

"ಈ ಬಿಸಿಲಲ್ಲಿ ಕಬ್ಬಿಣದ ತಗಡಿನ ಮೇಲೆ ನೀವೊಂದ್ಸಲ ಕೂತು ನೋಡಿ ಸಾರ್," ಎಂದಳು ಆಕೆ. "ಆಮೇಲೆ ಆಫೀಸಲ್ಲಿ ನಿಂತ್ಕೊಂಡೇ ಕೆಲಸ ಮಾಡ್ಬೇಕಾಗುತ್ತೆ."

ಪಟ್ಟಾಭಿರಾಮ ಜೇಬಿನಿಂದ ಕರ್ಚೀಫು ತೆಗೆದು ಸುಣ್ಣದ ಗುರುತನ್ನು ಒರೆಸಿಬಿಟ್ಟ. ಅದನ್ನು ನೋಡಿದ ಮೇಲೆ ಆಕೆ ನಕ್ಕಳು.

ಆ ನಗುವಿನ ಬೆನ್ನು ಹತ್ತಿ ಅವನು ಹಳೆಯ ನಕ್ಷೆಯನ್ನು ಕೈಬಿಟ್ಟು ಹೊಸದನ್ನು ಬರೆದನೆಂದು ಹೆಂಗಸರು ಹೇಳುತ್ತಾರೆ. ಹೊಸ ನಕ್ಷೆಯಲ್ಲಿ ಕಬ್ಬಿಣವೇ ಇರಲಿಲ್ಲ. ಬಂಡೆ ಇದ್ದಲ್ಲೇ ಇತ್ತು. ಕ್ವಾರ್ಟರ್ಸಿನ ಪಾಯ ತೋಡಿದ ಮಣ್ಣು ಒಂದು ಗುಡ್ಡವಾಗಿತ್ತು. ಗಾಳಿಗೆ ಬಿದ್ದಿದ್ದ ಹಳೆಯ ಅತ್ತಿಮರದ ಪೊಳ್ಳು ಕಾಂಡ ತೂರಿ ಹೋಗುವ ಗವಿಯಾಗಿತ್ತು. ಬೋರ್‌ವೆಲ್ಲಿನ ಹೆಚ್ಚಿನ ನೀರು ಕಾಗದದ ದೋಣಿ ತೇಲಿಸುವ ಪುಟ್ಟ ಕಾಲುವೆಯಾಗಿ ಹರಿದಿತ್ತು.

"ಇದೇನಯ್ಯ, ಪಾರ್ಕೋ ಕಾಡೋ?" ಎಂದು ಅವನ ಮೇಲಧಿಕಾರಿ ಕೃಷ್ಣಸ್ವಾಮಿ ಕೇಳಿದರು.

"ಎರಡೂ ಸಾರ್."

"ಮಕ್ಕಳು ಬಿದ್ರೆ?"

"ಮಣ್ಣಿನ ಮೇಲೆ ಬೀಳ್ತಾರೆ ಸಾರ್."

ಕೃಷ್ಣಸ್ವಾಮಿಯವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಸಹಿ ಮಾಡಿದರು.

ಕೆಲಸ ಆರಂಭವಾಯಿತು. ಶಿಶುವಿಹಾರ ಬಿಟ್ಟ ಮೇಲೆ ವೆಂಕಟಲಕ್ಷ್ಮಿ ಬಯಲಿಗೆ ಬರುವಳು. ಮೆಟ್ಟಿಲು ಎಷ್ಟೆತ್ತರ ಇರಬೇಕು, ಯಾವ ಮರದ ಬೇರನ್ನು ಮುಚ್ಚಬಾರದು, ಮಕ್ಕಳು ಎಲ್ಲಿ ಅವಿತುಕೊಳ್ಳಲು ಇಷ್ಟಪಡುತ್ತಾರೆ ಎಂದು ಹೇಳುವಳು. ಅವನು ಬರೆದುಕೊಳ್ಳುವನು. ಬರೆಯುವಾಗ ಆಕೆಯ ನೆರಳು ಹಾಳೆಯ ಮೇಲೆ ಬಿದ್ದರೆ, ಆ ಭಾಗವನ್ನು ಅವನು ನಿಧಾನವಾಗಿ ಬರೆಯುವನು.

ಒಂದು ಸಂಜೆ ಅತ್ತಿಮರದ ಗವಿಯನ್ನು ಪರೀಕ್ಷಿಸಬೇಕೆಂದು ಅವನೇ ತೂರಿದ. ನಡುವೆ ಭುಜ ಸಿಕ್ಕಿಕೊಂಡಿತು.

"ಸಾರ್, ಅಳತೆ ಮಕ್ಕಳಿಗೆ ತಗೊಂಡ್ರೋ, ನಿಮಗೋ?"

"ನಗಬೇಡಿ ಮಿಸ್. ಎಳೀರಿ." ಮಕ್ಕಳಂತೆ ಅವನೂ ಆಕೆಯನ್ನು ಮಿಸ್ ಎಂದೇ ಕರೆಯುತ್ತಿದ್ದ.

"ಮೊದಲು ಹೇಳಿ, ಇನ್ಮೇಲೆ ನನ್ನ ಮಾತು ಕೇಳ್ತೀರಾ?"

"ಕೇಳದೇ ಇದ್ದದ್ದು ಯಾವಾಗ?"

ಗವಿಯ ಆ ತುದಿಯ ದುಂಡನೆಯ ಬೆಳಕಿನಲ್ಲಿ ಆಕೆಯ ಮುಖವಷ್ಟೇ ಇತ್ತು. ಮೂಗಿನ ಮೇಲೆ ಒಂದು ಹನಿ ಬೆವರು, ಕೆನ್ನೆಗಂಟಿದ ಮರದ ಪುಡಿ. ನಗು ತಡೆಯಲು ಕೆಳತುಟಿಯನ್ನು ಕಚ್ಚಿಕೊಂಡಿದ್ದಳು. ಎಳೆಯಲು ಚಾಚಿದ ಕೈಯನ್ನು ಅವನು ಹಿಡಿದ. ಹೊರಗೆ ಬಂದ ಮೇಲೂ ಇಬ್ಬರೂ ಕೈಬಿಡಲು ಒಂದು ಕ್ಷಣ ಮರೆತರು.

ಅಂದೇ ಅವನ ಮನಸ್ಸು ನಿಶ್ಚಯಿಸಿತು: ಈಕೆಯನ್ನೇ ಮದುವೆಯಾಗಬೇಕು. ಆದರೆ ಆಕೆಯದು ಹೊಲಗೆಯ್ದ ಮನೆತನ, ತನ್ನದು ವೈದಿಕ ಮನೆತನ. ತಾಯಿಯನ್ನು ಒಪ್ಪಿಸದೆ ಹುಡುಗಿಯ ಬಳಿ ಬಾಯಿ ಬಿಡುವುದು ಅವಳಿಗೆ ಮಾಡುವ ಅವಮಾನವೆಂದು ಅವನು ಎಣಿಸಿದ. ಪಾರ್ಕಿನ ಉದ್ಘಾಟನೆಯಾಗುವಷ್ಟರಲ್ಲಿ ಅಮ್ಮನನ್ನು ಒಪ್ಪಿಸುವುದು, ಅಂದು ಸಂಜೆ ಬಂಡೆಯ ಬಳಿ ಕೇಳುವುದು. ಇದು ಅವನು ತನಗೆ ತಾನೇ ಬರೆದುಕೊಂಡ ನಕ್ಷೆ.

"ಓಪನಿಂಗ್ ದಿನ ಮೊದಲು ಜಾರೋದು ನೀವೇ ಮಿಸ್," ಎಂದು ಒಮ್ಮೆ ರೇಗಿಸಿದ.

ಆಕೆ ಕೆಂಪಾದಳು. "ದೊಡ್ಡೋರಾದ ಮೇಲೆ ನಮ್ಮೂರಲ್ಲಿ ಹೆಣ್ಮಕ್ಕಳು ಜಾರೋದು ಒಂದೇ ಸಲ ಸಾರ್."

"ಯಾವಾಗ?"

"ನಮ್ಮಜ್ಜೀನ ಕೇಳಿ."

ಅಜ್ಜಿ ಮುನಿಯಕ್ಕ ಹೊಂಗೆಯ ಬುಡದಲ್ಲಿ ಕೂತು ಕತ್ತಾಳೆ ನಾರಿನಿಂದ ಉಯ್ಯಾಲೆಗೆ ಹಗ್ಗ ಹೊಸೆಯುತ್ತಿದ್ದಳು. ಕಥೆ ಹೇಳುವಾಗ ಕಣ್ಣು ಮುಚ್ಚಿಕೊಳ್ಳುವುದು ಅವಳ ವಾಡಿಕೆ. ಪಟ್ಟಾಭಿರಾಮ ಕೇಳಿದ ದಿನವೂ ಹಾಗೆಯೇ ಮುಚ್ಚಿಕೊಂಡು ತೊಡಗಿದಳು.

"ಮದ್ವೆ ಗೊತ್ತಾದ ಎಣ್ಮಗಳು ಒಂದಿನ ಬಂದು ಈ ಬಂಡೆ ಮ್ಯಾಲೆ ಕಡೇ ಸಲ ಜಾರ್ತಾಳೆ ಕಣಪ್ಪ. ಕೈಗೆ ಕಾಲಿಗೆ ಅರಿಸಿನ ಅಚ್ಕೊಂಡು. ಉಡುಗಾಟ ಎಲ್ಲಾ ಮ್ಯಾಲೇ ಬಿಟ್ಟು ಕೆಳಗಿಳೀತಾಳೆ. ಆಮೇಲೆ ಅವಳು ಬಂಡೆ ಅತ್ತಾಂಗಿಲ್ಲ. ಇನ್ನ ಮದ್ವೆ ಗೊತ್ತಾಗೋದು ಎಂಗೆ ಅಂದ್ರೆ..."

ಅಷ್ಟರಲ್ಲಿ ರಸ್ತೆಯಲ್ಲಿ ಮರಳಿನ ಲಾರಿ ಹಾರ್ನ್ ಹೊಡೆಯಿತು. ಇಳಿಸುವ ಜಾಗ ತೋರಿಸದಿದ್ದರೆ ಡ್ರೈವರ್ ಕಾಲುವೆಯ ಮೇಲೇ ಸುರಿದುಬಿಡುತ್ತಾನೆ. ಪಟ್ಟಾಭಿರಾಮ ಸದ್ದಾಗದಂತೆ ಎದ್ದು ಓಡಿದ. ಹಿಂದಿರುಗಿ ಬಂದು ಕೂರುವ ಹೊತ್ತಿಗೆ ಮುದುಕಿ ಕಣ್ಣು ತೆರೆಯುತ್ತಿದ್ದಳು.

"ಎಲ್ಲಾ ಕೇಳಿಸ್ಕೊಂಡ್ಯೇನಪ್ಪ?"

ನಡುವೆ ಎದ್ದುಹೋದೆನೆಂದರೆ ಹಿರಿಯಳಿಗೆ ನೋವಾದೀತು. "ಎಲ್ಲಾ ಕೇಳಿಸ್ಕೊಂಡೆ ಅಜ್ಜಿ," ಎಂದ.

ಅವನು ಕೇಳಿಸಿಕೊಳ್ಳದೆ ಹೋದ ಭಾಗ ಇಷ್ಟು. ಹುಡುಗಿಯನ್ನು ಬಯಸಿದ ಗಂಡು ಬಂಡೆಯ ನೆತ್ತಿಗೆ ಹತ್ತಿ ಒಂದು ಬಿಂದಿಗೆ ನೀರು ಸುರಿಯಬೇಕು. ಕೆಳಗೆ ನಿಂತ ಹುಡುಗಿ, ಹರಿದು ಬಂದ ನೀರಿನಿಂದ ಪಾದವನ್ನು ಹಿಂದಕ್ಕೆಳೆದುಕೊಳ್ಳದಿದ್ದರೆ ಅವಳಿಗೆ ಒಪ್ಪಿಗೆ. ಮರುದಿನ ಬೆಳಗ್ಗೆ ಹುಡುಗಿಯ ಮನೆಯವರು ನೆತ್ತಿಯ ಮೇಲೆ ಅರಿಶಿನ ಹಚ್ಚಿ, ಎಲೆ ಅಡಿಕೆ ಇಡುತ್ತಾರೆ. ಅದು ಮನೆಯ ಒಪ್ಪಿಗೆ. ಗಂಡು ಆ ಎಲೆಯನ್ನು ತೆಗೆದುಕೊಂಡು ಹೋಗಿ ತನ್ನ ಹಿರಿಯರನ್ನು ಕರೆತರುತ್ತಾನೆ. ಮನಸ್ಸು ತಿರುಗಿದ್ದರೆ ಅರಿಶಿನವನ್ನು ತೊಳೆದುಬಿಡುತ್ತಾನೆ. ಆಮೇಲೆ ಅವನನ್ನು ಯಾರೂ ಏನೂ ಕೇಳುವಂತಿಲ್ಲ.

ಆ ರಾತ್ರಿ ಮುನಿಯಕ್ಕ ಮೊಮ್ಮಗಳಿಗೆ ಹೇಳಿದಳಂತೆ: "ಎಲ್ಲಾ ಯೋಳಿದೀನಿ ಕಣವ್ವ. ಇನ್ನ ಅವನಿಷ್ಟ."

ಗಣೇಶನ ಹಬ್ಬ ಕಳೆದ ವಾರ, ಬಂಡೆಯ ಬುಡದಲ್ಲಿ ಮಕ್ಕಳು ಜಾರಿ ಬೀಳುವೆಡೆಗೆ ಮರಳು ತುಂಬಬೇಕಾಗಿತ್ತು. ನೀರು ಹರಿಯುವ ದಾರಿಯಲ್ಲೇ ಮಕ್ಕಳೂ ಜಾರುತ್ತಾರೆಂದು ಪಟ್ಟಾಭಿರಾಮನ ಲೆಕ್ಕ. ನೀರು ನಿಂತಲ್ಲಿ ಮರಳಿನ ಗುಂಡಿ. ಸಂಜೆ ಹೆಂಗಸರು ಬೋರ್‌ವೆಲ್ಲಿನ ನಲ್ಲಿಯಿಂದ ಬಿಂದಿಗೆ ಹೊತ್ತು ಬರುತ್ತಿದ್ದರು. ಮುಂದೆ ಮುನಿಯಕ್ಕ.

"ಅಜ್ಜಿ, ನಿಮ್ಮ ಬಿಂದಿಗೆ ಕೊಡ್ತೀರಾ? ಬಂಡೆ ಮೇಲಿಂದ ನೀರು ಹುಯ್ಬೇಕು."

ಹೆಂಗಸರೆಲ್ಲ ನಿಂತಲ್ಲೇ ನಿಂತರು. ಮುದುಕಿ ಅವನ ಮುಖವನ್ನು ದಿಟ್ಟಿಸಿದಳು. "ಯೋಚ್ನೆ ಮಾಡಿ ಕೇಳ್ತಿದೀಯೇನಪ್ಪ?"

"ತುಂಬಾ ದಿನದಿಂದ ಯೋಚನೆ ಮಾಡಿದೀನಿ ಅಜ್ಜಿ."

ಮುನಿಯಕ್ಕ ಬಿಂದಿಗೆಯನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟಳು. ಅವನು ನೆತ್ತಿಗೆ ಹತ್ತಿದ. "ಮಿಸ್, ನೀವು ಕೆಳಗೆ ನಿಂತ್ಕೊಂಡು ನೀರು ಎಲ್ಲಿಗೆ ಬರುತ್ತೆ ನೋಡಿ," ಎಂದ.

ವೆಂಕಟಲಕ್ಷ್ಮಿ ನಿಂತಳು. ಇಳಿಬಿಸಿಲಿನಲ್ಲಿ ನೀರು ನುಣುಪಾದ ಜಾಡು ಹಿಡಿದು, ಹೊಳೆಯುತ್ತ, ಅವಸರವಿಲ್ಲದೆ ಕೆಳಗಿಳಿಯಿತು. ಆಕೆಯ ಪಾದ ಮುಟ್ಟಿತು, ಬೆರಳುಗಳ ಸಂದಿಯಲ್ಲಿ ಹರಿಯಿತು, ಸೀರೆಯ ಅಂಚನ್ನು ನೆನೆಸಿತು. ಆಕೆ ಕದಲಲಿಲ್ಲ.

"ಕಾಲು ನೆನೆದು ಹೋಯ್ತಲ್ಲ ಮಿಸ್. ಪಕ್ಕಕ್ಕೆ ಸರೀಬಾರದಾ?"

"ನೆನೀಲಿ ಬಿಡಿ," ಎಂದಳು. ಸಾರ್ ಎನ್ನಲಿಲ್ಲ. ತಲೆಯೆತ್ತಿ ಒಮ್ಮೆ ಅವನನ್ನು ನೋಡಿದಳು. ಅಂಥ ನೋಟವನ್ನು ಅವನು ಹಿಂದೆ ಕಂಡಿರಲಿಲ್ಲ. ತುಂಬಿದ ಕೊಡವನ್ನು ತುಳುಕದಂತೆ ಹೊತ್ತು ತಂದ ಹಾಗಿತ್ತು. ಅದರ ಅರ್ಥ ತಿಳಿಯದೆಯೂ ಅವನ ಎದೆ ತುಂಬಿ ಬಂತು.

ಮರುದಿನ ಬೆಳಗ್ಗೆ ಅವನು ಬೇಗನೆ ಬಂದ. ಕೃಷ್ಣಸ್ವಾಮಿಯವರು ಕೆಲಸ ನೋಡಲು ಬರುವವರಿದ್ದರು. ಬಂಡೆಯ ನೆತ್ತಿಯ ಮೇಲೆ ಅರಿಶಿನ ಕಂಡಿತು. ಅದರ ಮೇಲೆ ಕುಂಕುಮದ ಬೊಟ್ಟು, ಒಂದು ಜೊತೆ ಎಲೆ, ಅಡಿಕೆ.

ಅವನಿಗೆ ಗಾಬರಿಯಾಯಿತು. ತುಮಕೂರು ರಸ್ತೆಯುದ್ದಕ್ಕೂ ಅವನು ನೋಡಿದ್ದ: ಇಂದು ಕಲ್ಲಿಗೆ ಅರಿಶಿನ, ನಾಳೆ ಪಕ್ಕದಲ್ಲೊಂದು ತ್ರಿಶೂಲ, ನಾಡಿದ್ದು ಸುತ್ತ ಬೇಲಿ. ದೇವರಾದ ಕಲ್ಲಿನ ಮೇಲೆ ಮಕ್ಕಳು ಜಾರುವುದುಂಟೆ? ವೆಂಕಟಲಕ್ಷ್ಮಿ ಮಾತಾಡಿ ಉಳಿಸಿದ ಬಂಡೆ ಮಕ್ಕಳ ಕೈತಪ್ಪಿ ಹೋದೀತು. ಅವಳಿಗಾಗಿಯಾದರೂ ಅದನ್ನು ಕಾಪಾಡಬೇಕು. ಎಲೆ ಅಡಿಕೆಯನ್ನು ಹೊಂಗೆಯ ಬುಡಕ್ಕಿಟ್ಟ. ನಲ್ಲಿಯ ಬಳಿ ಬಿದ್ದಿದ್ದ ತೆಂಗಿನ ನಾರು ತಂದು, ಮಂಡಿಯೂರಿ ಕೂತು, ಉಜ್ಜಿ ಉಜ್ಜಿ ತೊಳೆದ.

ತಲೆಯೆತ್ತಿದಾಗ ವೆಂಕಟಲಕ್ಷ್ಮಿ ಎದುರಿಗೇ ನಿಂತಿದ್ದಳು. ಹಸಿರು ರೇಷ್ಮೆಯಂಚಿನ ಸೀರೆ, ಮುಡಿ ತುಂಬ ಮಲ್ಲಿಗೆ. ಅವಳ ಹಿಂದೆ, ಸ್ವಲ್ಪ ದೂರದಲ್ಲಿ, ಮುನಿಯಕ್ಕ.

"ಏನಿವತ್ತು ಮಿಸ್, ಮನೇಲಿ ಹಬ್ಬಾನಾ?"

"ಹಬ್ಬ ಅಂದ್ಕೊಂಡಿದ್ದೆ ಸಾರ್."

"ನೋಡಿ, ಯಾರೋ ಅರಿಶಿನ ಹಚ್ಚಿಬಿಟ್ಟಿದ್ರು. ಒಂದು ಚೂರೂ ಕಾಣದ ಹಾಗೆ ತೊಳ್ದುಬಿಟ್ಟೆ."

ಆಕೆ ಒದ್ದೆ ಬಂಡೆಯನ್ನು ಬಹಳ ಹೊತ್ತು ನೋಡಿದಳು. "ಒಳ್ಳೇದಾಯ್ತು ಸಾರ್," ಎಂದಳು. "ಮಕ್ಕಳು ಕಾಯ್ತಿರ್ತಾರೆ." ಹೋಗಿಬಿಟ್ಟಳು.

ಅಂದಿನಿಂದ ಆಕೆ ಸಂಜೆ ಬರುವುದು ನಿಂತಿತು. ಎದುರು ಸಿಕ್ಕರೆ ಕೇಳಿದ್ದಕ್ಕೆ ಉತ್ತರ, ಅಷ್ಟೇ. ಶಿಶುವಿಹಾರದಲ್ಲಿ ಕೆಲಸ ಹೆಚ್ಚಿರಬೇಕು, ಎಂದು ಅವನು ಸಮಾಧಾನ ಹೇಳಿಕೊಂಡ. ಅಮ್ಮನನ್ನು ಒಪ್ಪಿಸದೆ ಏನನ್ನೂ ಕೇಳಬಾರದೆಂಬ ತನ್ನ ನಿಯಮವನ್ನು ಗಟ್ಟಿಯಾಗಿ ಹಿಡಿದ.

ಮುನಿಯಕ್ಕ ಹೋಗಿ ಅವನನ್ನೇ ಕೇಳುತ್ತೇನೆಂದು ಎರಡು ಸಲ ಹೊರಟಿದ್ದಳೆಂದೂ, ಪಾಪಯ್ಯ ತಡೆದನೆಂದೂ ಹಳ್ಳಿಯವರು ಹೇಳುತ್ತಾರೆ. "ಕೇಳೋದೇನೈತವ್ವ? ಊರೆಲ್ಲ ನೋಡ್ತಿರಂಗೆ ನೀರು ಉಯ್ದ, ತನ್ ಕೈಯಾರೆ ತೊಳೆದ. ನನ್ ಮಗಳೇನು ಬೀದೀಲಿ ಬಿದ್ದವಳಾ?" ಎಂದನಂತೆ. ವೆಂಕಟಲಕ್ಷ್ಮಿ ಒಳಗೆ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಲಿಲ್ಲವೆಂದು ಕೆಲವರು, ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದಳೆಂದು ಕೆಲವರು.

ಇತ್ತ ಮಗ ವಿಷಯ ಹೇಳಿದಾಗ ಅನುಸೂಯಮ್ಮ ಮೊದಲು ಅತ್ತರು, ಆಮೇಲೆ ಮಾತು ಬಿಟ್ಟರು. ಮಕ್ಕಳ ದಿನಾಚರಣೆಯ ಹಿಂದಿನ ಸಂಜೆ, ಕಾಫಿಯ ಲೋಟವನ್ನು ಮಗನ ಮುಂದಿಟ್ಟು ಅಲ್ಲೇ ನಿಂತರು.

"ಆ ಹುಡುಗಿಗೆ ಕಾಫಿ ಸೇರುತ್ತೇನೋ?"

"ಗೊತ್ತಿಲ್ಲಮ್ಮ."

"ಕೇಳೋ ಮತ್ತೆ. ನಾಳೆ ಕರ್ಕೊಂಡು ಬಾ. ನಾನೇ ಕೇಳ್ತೀನಿ."

ಮರುದಿನ ಪಾರ್ಕಿನ ತುಂಬ ಕಾಗದದ ತೋರಣ. ಕೃಷ್ಣಸ್ವಾಮಿಯವರು ರಿಬ್ಬನ್ ಕತ್ತರಿಸಿದರು. ಕಾಲೋನಿಯ ಮಕ್ಕಳು, ಹಳ್ಳಿಯ ಮಕ್ಕಳು ಒಟ್ಟಿಗೇ ಗವಿಗೆ ನುಗ್ಗಿದರು, ಗುಡ್ಡದಿಂದ ಉರುಳಿದರು, ಕಾಲುವೆಯಲ್ಲಿ ದೋಣಿ ಬಿಟ್ಟರು. ಬಂಡೆಯ ಬಳಿ ಮಾತ್ರ ಹಳ್ಳಿಯ ಹೆಂಗಸರು ಮಕ್ಕಳನ್ನು ತಡೆದು ನಿಂತಿದ್ದರು.

ವೆಂಕಟಲಕ್ಷ್ಮಿ ಬಂಡೆಯನ್ನು ಹತ್ತುತ್ತಿದ್ದಳು.

ತಾನು ರೇಗಿಸಿದ್ದನ್ನು ಅವಳು ಮರೆತಿಲ್ಲ, ಮೊದಲು ಅವಳೇ ಜಾರುತ್ತಾಳೆ. ಪಟ್ಟಾಭಿರಾಮನಿಗೆ ಆನಂದದಲ್ಲಿ ಬೇರೇನೂ ಹೊಳೆಯಲಿಲ್ಲ. ಗುಂಪಿನ ಮುಂದಕ್ಕೆ ಬಂದು ಚಪ್ಪಾಳೆ ತಟ್ಟಿದ. ಮಕ್ಕಳೂ ತಟ್ಟಿದರು. ಆಕೆ ನೆತ್ತಿಯ ಮೇಲೆ ಕೂತು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಜಾರಿ ಮರಳಿಗಿಳಿದಳು.

ಅವಳ ಹಿಂದೆ ಬಂಡೆಯ ಮೇಲೆ ಉದ್ದಕ್ಕೂ ಒಂದು ಹಳದಿ ಗೆರೆ ಉಳಿಯಿತು. ಅಂಗೈ ಹಳದಿ. ಪಾದ ಹಳದಿ. ಸೀರೆಯ ಅಂಚೆಲ್ಲ ಹಳದಿ.

ಅವನ ಕೈಗಳು ಅರ್ಧದಲ್ಲೇ ನಿಂತವು. ಕೇಳಿಸಿಕೊಂಡಿದ್ದ ಅರ್ಧ ಕಥೆ ಆಗ ಅವನ ನೆನಪಿಗೆ ಬಂತು.

ಮುನಿಯಕ್ಕ ಹೊಂಗೆಯ ಬುಡದಲ್ಲಿ ಕೂತಿದ್ದಳು. ಅವನು ಹೋಗಿ ಎದುರಿಗೆ ಕುಸಿದ. "ಯಾರ ಜೊತೆ ಅಜ್ಜಿ?"

"ನೆಲಮಂಗಲದ ಗಂಡು. ಬರೋ ವಾರ ಮದ್ವೆ. ಅವನ ತಂಗೀನ ಇವಳಣ್ಣ ನರಸಪ್ಪಂಗೆ ತರ್ತಾ ಇದೀವಿ. ಅಣ್ಣ ತಂಗಿ ಇಬ್ಬರದೂ ಒಂದೇ ಚಪ್ಪರ." ಆಮೇಲೆ ಹೇಳಿದಳು: "ನಿನ್ ಕೈಲಿ ತೊಳೆದೆ. ಈಗ್ಯಾಕೆ ಕೇಳ್ತೀಯಪ್ಪ?"

"ಏನು ತೊಳೆದೆ?"

ಮುದುಕಿ ಹೇಳಿದಳು. ಈ ಸಲ ಕಣ್ಣು ಮುಚ್ಚಲಿಲ್ಲ. ಬಿಂದಿಗೆ, ಪಾದ, ಅರಿಶಿನ, ಎಲೆ. ಅವನ ಮುಖ ಬಿಳುಪೇರುವುದನ್ನು ನೋಡುತ್ತಲೇ ಹೇಳಿ ಮುಗಿಸಿದಳು.

"ಅಜ್ಜಿ, ನಾನು ಇದನ್ನ ಕೇಳಲೇ ಇಲ್ಲ. ಮರಳಿನ ಲಾರಿ ಬಂತು. ಎದ್ದುಹೋದೆ."

"ಎಲ್ಲಾ ಕೇಳಿಸ್ಕೊಂಡೆ ಅಂದ್ಯಲ್ಲೋ ಮಗಾ."

ಮುನಿಯಕ್ಕ ಎದ್ದುಹೋಗಿ ಮೊಮ್ಮಗಳ ಕಿವಿಯಲ್ಲಿ ಏನೋ ಹೇಳಿದಳು. ಹೆಂಗಸರನ್ನೂ ಮಕ್ಕಳನ್ನೂ ಸಿಹಿ ಹಂಚುವ ಕಡೆಗೆ ಕರೆದೊಯ್ದಳು.

ಸಂಜೆಯ ಬಿಸಿಲಿನಲ್ಲಿ ಇಬ್ಬರೇ ಉಳಿದರು.

"ಹಂಗಾದ್ರೆ," ಎಂದಳು ವೆಂಕಟಲಕ್ಷ್ಮಿ, ತನ್ನ ಅಂಗೈ ನೋಡಿಕೊಳ್ಳುತ್ತ, "ನೀರು ಹುಯ್ದಿದ್ದೂ ಗೊತ್ತಿಲ್ದೇನೇ."

"ಗೊತ್ತಿದ್ದಿದ್ರೆ ದಿನಾ ಹುಯ್ತಿದ್ದೆ."

ಆಕೆ ನಕ್ಕಳು. ನಗುವಿನ ಕೊನೆ ಬೇರೆಯದೇ ಆಯಿತು. ಮುಖ ತಿರುಗಿಸಿ, ಹಳದಿ ಕೈಯಲ್ಲೇ ಕಣ್ಣೊರೆಸಿಕೊಂಡಳು. ಕೆನ್ನೆಗೂ ಅರಿಶಿನ ಹತ್ತಿತು.

"ನಾನೂ ಒಂದು ಮಾತು ಕೇಳಬಹುದಿತ್ತು," ಎಂದಳು. "ಯಾಕೆ ತೊಳೆದ್ರಿ ಅಂತ. ಬಾಯಿಗೆ ಬಂದಿತ್ತು. ನೀವು ಅಷ್ಟು ಖುಷಿಯಾಗಿದ್ರಿ."

"ನಮ್ಮಮ್ಮ ನಿನ್ನೆ ಒಪ್ಪಿದ್ರು." ಹೇಳಬಾರದೆಂದುಕೊಂಡಿದ್ದ. ಬಾಯಿ ಕೇಳಲಿಲ್ಲ. "ನಿಮಗೆ ಕಾಫಿ ಸೇರುತ್ತಾ ಅಂತ ಕೇಳಿದ್ರು."

ಕಾಲುವೆಯಲ್ಲಿ ಯಾರದೋ ದೋಣಿಯೊಂದು ಹುಲ್ಲಿಗೆ ಸಿಕ್ಕಿಕೊಂಡು ತಿರುಗುತ್ತಿತ್ತು.

"ನಾನು ಬೇಡ ಅಂದ್ರೆ ನಮ್ಮಣ್ಣಂದೂ ಮುರಿಯುತ್ತೆ. ಆ ಹುಡುಗಿ ಈಗಾಗ್ಲೇ ನನ್ನ ಅತ್ತಿಗೆ ಅಂತಾಳೆ. ನೀರು ತನ್ನ ಕಾಲಿನತನಕ ಬಂದು ನಿಂತುಹೋದ್ರೆ ಹೆಂಗಿರುತ್ತೆ ಅಂತ ನಂಗೊತ್ತು. ಅದನ್ನ ಇನ್ನೊಬ್ಬಳಿಗೆ ಮಾಡೋಕಾಗಲ್ಲ."

ಅವನು ತಲೆಯಾಡಿಸಿದ. ಕೇಳಬೇಕೆಂದು ತಿಂಗಳುಗಟ್ಟಲೆ ಕಾಯ್ದಿಟ್ಟಿದ್ದ ಪ್ರಶ್ನೆ ಇನ್ನೂ ಅವನಲ್ಲೇ ಉಳಿದಿತ್ತು. ಅದನ್ನು ಕೇಳದಿರುವುದೊಂದೇ ಈಗ ಅವಳಿಗೆ ಕೊಡಬಹುದಾದ ಉಡುಗೊರೆ.

"ಸೇರುತ್ತೆ ಅಂತ ಹೇಳಿ," ಎಂದಳು ಆಕೆ ಹೊರಡುತ್ತ.

"ಏನು?"

"ಕಾಫಿ. ನಿಮ್ಮಮ್ಮ ಕೇಳಿದ್ರಲ್ಲ. ಕಡಿಮೆ ಸಕ್ಕರೆ."

ಹಳ್ಳಿಯ ದಾರಿಯ ತಿರುವಿನಲ್ಲಿ ಅವಳು ಮರೆಯಾಗುವವರೆಗೂ ಅವನು ಕದಲಲಿಲ್ಲ.

ಮರುದಿನ ತೋಟದ ಮಾಲಿ ನರಸಿಂಹಯ್ಯ ಬಕೆಟ್ಟು ಬ್ರಷ್ಷು ಹಿಡಿದು ಬಂಡೆ ಹತ್ತುತ್ತಿದ್ದ. ಪಟ್ಟಾಭಿರಾಮ ಓಡಿ ಬಂದ.

"ಬೇಡ ನರಸಿಂಹಯ್ಯ."

"ಕಲೆ ಆಗೈತೆ ಸಾರ್. ಸಾಯೇಬ್ರು ನೋಡಿದ್ರೆ ಬೈತಾರೆ."

"ಬೈದ್ರೆ ನಾನು ಕೇಳ್ಕೋತೀನಿ. ಅದನ್ನ ಯಾರೂ ತೊಳೀಬಾರದು."

ಆ ವರ್ಷ ಕಾರ್ತಿಕದ ನಂತರ ಮಳೆ ಬೀಳಲಿಲ್ಲ. ಹಳದಿ ಗೆರೆಯನ್ನು ತೊಳೆಯುವ ನೀರು ಆಕಾಶದಿಂದಲೂ ಬರಲಿಲ್ಲ. ಮಕ್ಕಳು ಮಾತ್ರ ದಿನವೂ ಅದರ ಮೇಲೆ ಜಾರಿದರು. ಅರಿಶಿನ ಚೂರುಚೂರಾಗಿ ಅವರ ಚಡ್ಡಿಗಳಿಗೆ, ಲಂಗಗಳಿಗೆ ಹತ್ತಿ, ಕಾಲೋನಿಯ ಮನೆಮನೆಗೂ ಹೋಯಿತು. ಬಟ್ಟೆ ಒಗೆಯುವ ಕಲ್ಲುಗಳ ಬಳಿ ತಾಯಂದಿರು ಗೊಣಗಿಕೊಳ್ಳುತ್ತಿದ್ದರು: ಇದೆಲ್ಲಿಯ ಹಳದಿಯೋ, ಎಷ್ಟು ಸೋಪು ಹಾಕಿದರೂ ಹೋಗುವುದಿಲ್ಲ. ಆ ದಾರಿಯಲ್ಲಿ ಕೆಲಸಕ್ಕೆ ಹೋಗುವ ಪಟ್ಟಾಭಿರಾಮ, ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಸೈಕಲ್ಲಿನಿಂದಿಳಿದು, ಗುಡಿಯ ಮುಂದೆ ಹಾದುಹೋಗುವವನಂತೆ, ಆ ಮನೆಗಳನ್ನು ದಾಟುವವರೆಗೂ ನಡೆದುಕೊಂಡೇ ಹೋಗುತ್ತಿದ್ದನಂತೆ.